ಮೂರು ರಾಜ್ಯಕ್ಕೆ ಒಂದೇ ಅಚ್ಚು

ಈ ಊರಿನ ಶಾಲೆಗಳಲ್ಲಿ ಓದಿದವರಿಗೆಲ್ಲ ಪಟದಕ್ಕನ ಕೈ ಗೊತ್ತು, ಮುಖ ಮಾತ್ರ ಗೊತ್ತಿಲ್ಲ. ಕರಿಹಲಗೆಯ ಪಕ್ಕದ ಮೊಳೆಗೆ ತೂಗುಬಿಟ್ಟ ಅರ್ಧ ಕೆಂಪು ಅರ್ಧ ನೀಲಿಯ ಹೃದಯ, ಬದನೆಕಾಯಿಯಂತೆ ಉದ್ದಕ್ಕೆ ಸೀಳಿ ತೋರಿಸಿದ ಬೆಂಕಿಬೆಟ್ಟ, ಮೊಟ್ಟೆಗೆ ಬಾಲ ಬಂದು ಬಾಲ ಹೋಗಿ ಕಾಲು ಬರುವ ಕಪ್ಪೆ, ಎಲ್ಲವೂ ಅವಳು ಬಿಡಿಸಿದವು. ಪ್ರತಿ ಪಟದ ಕೆಳಗಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಜಾಗದಲ್ಲಿ ಒಂದು ಬಸವನಹುಳು ಇರುತ್ತದೆ. ಅದು ಅವಳ ಗುರುತು. ಪಾಠ ಬೇಸರವಾದಾಗ ಎಷ್ಟು ಮಕ್ಕಳು ಆ ಹುಳುವನ್ನೇ ದಿಟ್ಟಿಸುತ್ತ ಗಂಟೆ ಹೊಡೆಯುವುದನ್ನು ಕಾದಿದ್ದಾರೋ ದೇವರೇ ಬಲ್ಲ.

ಅವಳು ಕೆಲಸ ಮಾಡುವುದು ಮುದ್ರಣಾಲಯದ ಹಿಂದಿನ ಉದ್ದ ಕೋಣೆಯಲ್ಲಿ. ಅಲ್ಲಿ ಮೂಲಪಟ ತಯಾರಾಗುತ್ತದೆ. ಮುಂದಿನ ಯಂತ್ರದಲ್ಲಿ ಅದರ ನೂರಾರು ಪ್ರತಿ ಅಚ್ಚಾಗಿ, ತಿರುಗಿ ಅದೇ ಕೋಣೆಗೆ ಬಂದು, ಬೆನ್ನಿಗೆ ಬಟ್ಟೆ ಅಂಟಿಸಿಕೊಂಡು, ಮೇಲೆ ಕೆಳಗೆ ಕೋಲು ಹಾಕಿಸಿಕೊಂಡು ಶಾಲೆಗಳಿಗೆ ಹೋಗುತ್ತದೆ. ಬಟ್ಟೆ ಅಂಟಿಸುವವನನ್ನು ಎಲ್ಲರೂ ಅಂಟಣ್ಣ ಎಂದೇ ಕರೆಯುತ್ತಾರೆ. ಪಟದಕ್ಕನಿಗಿಂತ ಹತ್ತು ವರ್ಷ ಚಿಕ್ಕವನು, ಆದರೂ ಅಣ್ಣ. ಅವನ ಬೆರಳುಗಳು ಯಾವಾಗಲೂ ಗೋಂದಿನಿಂದ ಬಿಗಿದುಕೊಂಡಿರುತ್ತವೆ. ಬಾಯಿಗೆ ಮಾತ್ರ ಯಾವ ಬಿಗಿಯೂ ಇಲ್ಲ.

ಆ ಕೋಣೆಯಲ್ಲಿ ಒಂದು ಕಟ್ಟುಪಾಡು ಇತ್ತು, ಯಜಮಾನರ ತಂದೆಯ ಕಾಲದ್ದು. ಚಿತ್ರ ಒಬ್ಬರದು, ಅಕ್ಷರ ಇನ್ನೊಬ್ಬರದು. ಬೆಳಗಿನ ಬೆಳಕಿನಲ್ಲಿ ಚಿತ್ರ. ಬಣ್ಣ ಒಣಗಿದ ಮೇಲೆ, ಮಧ್ಯಾಹ್ನ, ಅಕ್ಷರ. ಚಿತ್ರದವರು ಅಕ್ಷರ ಮುಟ್ಟುವಂತಿಲ್ಲ, ಅಕ್ಷರದವರು ಚಿತ್ರ ಮುಟ್ಟುವಂತಿಲ್ಲ. ಗುರುತು ಹಾಕುವ ಹಕ್ಕು ಚಿತ್ರದವರಿಗೆ ಮಾತ್ರ. ಅಕ್ಷರ ಎಷ್ಟು ಚೆಂದವಾದರೂ ಅದನ್ನು ಬರೆದವರು ಯಾರೆಂದು ಯಾವ ಶಾಲೆಗೂ ತಿಳಿಯುವುದಿಲ್ಲ.

ಹನ್ನೊಂದು ವರ್ಷದಿಂದ ಅಕ್ಷರ ಬರೆಯುತ್ತಿದ್ದವಳು ಪಟದಕ್ಕನ ಸ್ವಂತ ತಂಗಿ.

ತಾಯಿ ಹೋದಾಗ ತಂಗಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಕ್ಕ ಶಾಲೆ ಬಿಟ್ಟು ಈ ಕೋಣೆಗೆ ಬಂದಳು. ತಂಗಿ ಶಾಲೆಗೆ ಹೋದಳು. ಅಕ್ಕ ಮನೆಗೆ ತಂದ ಹಳೆಯ ಕುಂಚಗಳಿಂದಲೇ ತಂಗಿ ಅಕ್ಷರ ತಿದ್ದಿದಳು. ಜಡೆ ಹಾಕಿದ್ದು, ಜ್ವರ ಬಂದಾಗ ತಲೆಗೆ ಒದ್ದೆಬಟ್ಟೆ ಇಟ್ಟದ್ದು, ಓದಿಸಿದ್ದು, ಗಡಿಯಾರ ರಿಪೇರಿ ಮಾಡುವ ಒಳ್ಳೆಯ ಹುಡುಗನನ್ನು ಹುಡುಕಿ ಎರಡು ಮನೆ ಆಚೆಗೇ ಮದುವೆ ಮಾಡಿಕೊಟ್ಟದ್ದು, ಕೊನೆಗೆ ಕೈಹಿಡಿದು ಈ ಕೋಣೆಗೆ ಕರೆತಂದು ಯಜಮಾನರ ಮುಂದೆ ನಿಲ್ಲಿಸಿದ್ದು, ಎಲ್ಲ ಅಕ್ಕನೇ. "ನನ್ನ ಮಗು ಇದ್ದ ಹಾಗೆ, ಯಜಮಾನ್ರೇ. ಅಕ್ಷರ ಚೆನ್ನಾಗಿ ಬರೀತಾಳೆ, ಒಂದ್ಸಲ ನೋಡಿ" ಎಂದಿದ್ದಳು.

ಯಜಮಾನರು ನೋಡಿದರು. ತಂಗಿ ಮೊದಲು ಬರೆದದ್ದು ಎಲೆಯ ಭಾಗಗಳ ಪಟ. ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದರು.

"ಇದು ಕೈಯಲ್ಲಿ ಬರೆದದ್ದಾ? ಅಚ್ಚು ಹಾಕಿದ್ದಲ್ವಾ?"

ಅಷ್ಟೇ ಮಾತು. ಆದರೆ ಪಟದಕ್ಕ ಅಷ್ಟು ವರ್ಷ ಆ ಕೋಣೆಯಲ್ಲಿ ಬಿಡಿಸಿದ ಹೃದಯ, ಶ್ವಾಸಕೋಶ, ಬೆಟ್ಟ, ಕಪ್ಪೆ ಇವುಗಳಲ್ಲಿ ಒಂದಕ್ಕೂ ಅವರು ಆ ಪ್ರಶ್ನೆ ಕೇಳಿರಲಿಲ್ಲ. "ಸರಿ ಇದೆ" ಎನ್ನುತ್ತಿದ್ದರು, ಬದಿಗಿಡುತ್ತಿದ್ದರು. ಆ ದಿನ ಅವಳ ಹೊಟ್ಟೆಯೊಳಗೆ ಏನೋ ಒಂದು ಕಿಡಿ ಬಿತ್ತು. ಖುಷಿ ಇರಬೇಕು ಎಂದುಕೊಂಡಳು. ರಾತ್ರಿ ಊಟ ಸೇರಲಿಲ್ಲ. ಖುಷಿಗೆ ಊಟ ಬಿಟ್ಟವರುಂಟೇ?

ಕಿಡಿ ಆರಲಿಲ್ಲ. ಅದಕ್ಕೆ ಸೌದೆ ಒಟ್ಟುವ ಕೆಲಸವನ್ನು ತಂಗಿ ತನಗೆ ಗೊತ್ತಿಲ್ಲದೆಯೇ ಮಾಡುತ್ತ ಹೋದಳು. ಪಟ ಮಾಡಿಸಲು ಬಂದ ಮೇಷ್ಟರುಗಳು ಕಾಗದಪತ್ರಗಳನ್ನು ಅಕ್ಷರದವಳ ಮೇಜಿಗೇ ಕೊಡಬೇಕಲ್ಲ. ಅವಳು ಓದುವಳು, "ಸಾರ್, ಇಲ್ಲಿ ಕವಾಟ ನಾಲ್ಕು ಅಂತಿದೆ, ಕೆಳಗೆ ಮೂರಕ್ಕೇ ಹೆಸರು ಕೊಟ್ಟಿದ್ದೀರಲ್ಲ" ಎನ್ನುವಳು. ಅವರು ನಾಲಿಗೆ ಕಚ್ಚಿಕೊಂಡು ಕುರ್ಚಿ ಎಳೆದು ಕೂರುವರು. ಅರ್ಧ ಗಂಟೆ ಮಾತು. ಪಟದಕ್ಕನಿಗೆ ಆ ಅರ್ಧ ಗಂಟೆಯೂ ಕಾಣುತ್ತಿದ್ದುದು ಅವರ ಬೆನ್ನು ಮಾತ್ರ. ಅವಳು ಯಾವ ಕಾಗದವನ್ನೂ ಓದುವವಳಲ್ಲ. ಓದಲು ಬರುತ್ತಿತ್ತು; ಆದರೆ ಓದು ತಂಗಿಯದೆಂದು ಆದ ಮೇಲೆ ಅದನ್ನು ಮುಟ್ಟುವುದೇ ಅವಮಾನ ಎನಿಸುತ್ತಿತ್ತು. "ನಾನು ನೋಡಿ ಬಿಡಿಸೋಳು, ಓದಿ ಬಿಡಿಸೋಳಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಆ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಕಿಟಕಿಯ ಮೇಜು. ದೊಡ್ಡದು ಅಂದರೆ ಅಳತೆಯಲ್ಲಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನಾದ ಬೆಳಕು ಬೀಳುವ ಜಾಗ ಅದೊಂದೇ. ಕಾಲುಳ್ಳ ದೊಡ್ಡ ಭೂತಗನ್ನಡಿ ಅದರ ಮೇಲೆ ನಿಂತಿತ್ತು. ಅಲ್ಲಿ ಕೂತು ಯಜಮಾನರು ಪ್ರತಿ ಮೂಲಪಟವನ್ನು ಪರೀಕ್ಷಿಸುತ್ತಿದ್ದರು. ಅವರು ಸೈ ಅಂದರೆ ಮಾತ್ರ ಅದು ಯಂತ್ರಕ್ಕೆ. ಎರಡು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆಯಾದರೂ ಮೊದಲಿನ ದೃಷ್ಟಿ ಬರಲಿಲ್ಲ. ಮೇಜು ಖಾಲಿ ಬಿತ್ತು; ಪಟ ಮಾಡಿಸಿದ ಮೇಷ್ಟರುಗಳೇ ಬಂದು ನೋಡಿ ಒಪ್ಪಿಕೊಂಡು ಹೋಗುತ್ತಿದ್ದರು. ಪಟದಕ್ಕ ಪ್ರತಿದಿನ ಎಲ್ಲರಿಗಿಂತ ಮೊದಲು ಬಂದು ಅದರ ಧೂಳು ಒರೆಸುತ್ತಿದ್ದಳು. ಯಾರೂ ಹೇಳಿರಲಿಲ್ಲ. ಬೇರೆ ಮೇಜುಗಳ ಧೂಳಿಗೆ ಅವಳು ಕೈ ಹಚ್ಚಿದವಳೂ ಅಲ್ಲ.

ಮನೆಯಲ್ಲಿ ದೀಪ ಹಚ್ಚಿ ಕೈಮುಗಿದಾಗ ಬಾಯಿ ಕಟ್ಟಿದಂತಾಗುತ್ತಿತ್ತು. ಮೇಜು ನನಗೆ ಕೊಡಿಸು ಎಂದು ದೇವರನ್ನು ಕೇಳಲು ನಾಚಿಕೆ. ಅವಳಿಗೆ ಕೊಡಿಸಬೇಡ ಎಂದು ಕೇಳಲು ಭಯ. ಹೀಗಾಗಿ ಏನೂ ಕೇಳದೆ ಕೈ ಇಳಿಸುವಳು. ಕೇಳದಿದ್ದರೂ ಅವನಿಗೆ ಕೇಳಿಸುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಹೀಗಿರುವಾಗ ಇತಿಹಾಸದ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಪಾಠ ಮಾಡುವವರು, ಸಣಕಲು ದೇಹ, ತೋಳಿನ ಕೆಳಗೆ ನಲವತ್ತು ಪುಟದ ಟಿಪ್ಪಣಿ. ಅವರಿಗೆ ಬೇಕಾದದ್ದು ಒಂದೇ ದೊಡ್ಡ ಪಟದಲ್ಲಿ ಮೂರು ರಾಜ್ಯಗಳು: ಮಧ್ಯಯುಗದ ಫ್ರಾನ್ಸ್, ದೆಹಲಿ ಸುಲ್ತಾನರ ರಾಜ್ಯ, ಜಪಾನ್. ಮೂರರಲ್ಲೂ ರಾಜನಾದವನು ತನ್ನ ಕೈಕೆಳಗಿನವರಿಗೆ ಏನು ಕೊಟ್ಟು ಅವರಿಂದ ಕತ್ತಿಯ ಸೇವೆ ಪಡೆಯುತ್ತಿದ್ದ, ಅವರು ರೈತನಿಂದ ಏನು ಪಡೆಯುತ್ತಿದ್ದರು, ಇದನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕು.

"ಮಕ್ಕಳು ಮೂರನ್ನೂ ಒಂದೇ ಅಂದ್ಕೊಳ್ತಾರೆ ಯಜಮಾನ್ರೇ. ಸಾಮಂತ ಪದ್ಧತಿ ಅಂತ ಒಂದೇ ಹೆಸರು ಅಂಟಿಸಿ ಕೈತೊಳ್ಕೊಳ್ತಾರೆ. ನೋಡಿದ ತಕ್ಷಣ ಬೇರೆ ಬೇರೆ ಅಂತ ಗೊತ್ತಾಗ್ಬೇಕು."

ಯಜಮಾನರು ತಲೆದೂಗಿದರು. ಮೇಷ್ಟ್ರು ಹೋದ ಮೇಲೆ ಮೂವರನ್ನೂ ಕರೆದು ಹೇಳಿದರು: "ನನ್ನ ಕಣ್ಣು ಇನ್ನು ಇಷ್ಟೇ. ಕಿಟಕಿ ಮೇಜಿಗೆ ಯಾರಾದ್ರೂ ಬೇಕು. ಈ ಪಟ ಮುಗೀಲಿ, ಯಾರ ಕೈಯಲ್ಲಿ ಏನಿದೆ ನೋಡಿ ತೀರ್ಮಾನ ಮಾಡ್ತೀನಿ." ಆಮೇಲೆ ಪಟದಕ್ಕನ ಕಡೆ ತಿರುಗಿ, ಹೂ ಕೊಟ್ಟಷ್ಟು ಮೆತ್ತಗೆ, "ಟಿಪ್ಪಣಿ ದೊಡ್ಡದಿದೆ ಕಣಮ್ಮ. ತಂಗಿ ಓದಿ ಹೇಳ್ತಾಳೆ, ನೀನು ಹಾಗೇ ಬಿಡಿಸು" ಎಂದರು.

ತಂಗಿ ಹೇಳ್ತಾಳೆ, ನೀನು ಬಿಡಿಸು. ಆ ಮಾತು ಪಟದಕ್ಕನ ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು. ಮೂವತ್ತೆರಡು ವರ್ಷ ದುಡಿದ ಕೈ ಇನ್ನು ತಂಗಿಯ ಬಾಯಿ ನೋಡಿಕೊಂಡು ಆಡಬೇಕೇ?

ಮಾರನೆಯ ಬೆಳಿಗ್ಗೆ ಅವಳು ಬಣ್ಣ ಅರೆಯುತ್ತಿದ್ದಾಗ ತಂಗಿ ಟಿಪ್ಪಣಿ ಹಿಡಿದು ಬಂದು ಪಕ್ಕದ ಸ್ಟೂಲಿನಲ್ಲಿ ಕೂತಳು.

"ಅಕ್ಕ, ಕೇಳು, ಭಾರಿ ಚೆನ್ನಾಗಿದೆ. ದೆಹಲಿಯದು ಇದೆ ನೋಡು..."

"ಬಣ್ಣ ಅರೀವಾಗ ಮಾತಾಡಿಸಬೇಡ. ಗಂಟಾಗುತ್ತೆ."

"ನೀನು ಅರೀತಿರು, ನಾನು ಓದ್ತೀನಿ."

"ನಾನೇನು ಕೂಸಾ, ಹಾಡು ಹೇಳಿ ತೂಗೋಕೆ?"

ತಂಗಿ ನಕ್ಕಳು. ಆ ನಗುವಿಗೆ ಗಲ್ಲದಲ್ಲಿ ಗುಳಿ ಬೀಳುತ್ತದೆ, ತಾಯಿಯದೇ ಗುಳಿ. ಪಟದಕ್ಕನಿಗೆ ಅದೂ ಬಂದಿರಲಿಲ್ಲ. "ಹಾಗಲ್ಲ ಅಕ್ಕ. ಮೂರೂ ಬೇರೆ ಬೇರೆ ಥರ ಇವೆ. ಗೊತ್ತಿಲ್ಲದೆ ಹೇಗೆ ಬಿಡಿಸ್ತೀಯ?"

"ರಾಜ ಅಂದ್ರೆ ರಾಜ. ಅವನ ಕೆಳಗೆ ಒಡೆಯ, ಒಡೆಯನ ಕೆಳಗೆ ಸಿಪಾಯಿ, ಎಲ್ಲರ ಕೆಳಗೆ ಉಳೋನು. ಯಾವ ದೇಶಕ್ಕೆ ಹೋಗು, ಮೇಲಿರೋನು ಮೇಲೇ, ಕೆಳಗಿರೋನು ಕೆಳಗೇ. ಇದಕ್ಕೆ ನಲವತ್ತು ಪುಟ ಬೇರೆ! ಬಟ್ಟೆಬರೆ ಹೇಗಿತ್ತು ಅಂತ ಚಿತ್ರ ಕೊಟ್ಟಿದಾರಲ್ಲ, ಸಾಕು. ನೀನು ಹೋಗು."

ತಂಗಿ ಒಂದು ಕ್ಷಣ ಕೂತಿದ್ದು ಎದ್ದು ಹೋದಳು. ಮೂಲೆಯಲ್ಲಿ ಕೋಲಿಗೆ ಪಟ ಸುತ್ತುತ್ತಿದ್ದ ಅಂಟಣ್ಣ, "ಅಕ್ಕಾ, ಬಣ್ಣಕ್ಕೆ ಮೆಣಸಿನಪುಡಿ ಬೆರೆಸಿದ್ದೀಯಾ ಹೇಗೆ? ಇಲ್ಲಿಯವರೆಗೆ ಘಾಟು ಬರ್ತಿದೆ" ಎಂದ.

"ನಿನ್ನ ಬಾಯಿಗೆ ನಿನ್ನದೇ ಗೋಂದು ಹಚ್ಕೋ."

ಬಣ್ಣ ಸಿದ್ಧವಾದ ಮೇಲೆ ಪಟದಕ್ಕ ಕಪಾಟು ತೆಗೆದು ಒಂದು ತಗಡಿನ ಅಚ್ಚು ಹೊರತೆಗೆದಳು. ಆರೋಗ್ಯ ಪಾಠದ ಪಟಕ್ಕೆಂದು ಹಿಂದೆ ಕತ್ತರಿಸಿಟ್ಟ ತ್ರಿಕೋನದ ಅಚ್ಚು ಅದು. ಕೆಳಗಿನ ಅಗಲದ ಮಜಲಿನಲ್ಲಿ ಕಾಳುಕಡಿ, ಅದರ ಮೇಲೆ ತರಕಾರಿ ಹಣ್ಣು, ಅದರ ಮೇಲೆ ಹಾಲು ಮೊಟ್ಟೆ, ತುದಿಯಲ್ಲಿ ಎಣ್ಣೆ ಸಕ್ಕರೆ. ನಾಲ್ಕು ಮಜಲು. ರಾಜ, ಒಡೆಯ, ಸಿಪಾಯಿ, ರೈತ, ಇವರೂ ನಾಲ್ಕು. ಎಣ್ಣೆ ಸಕ್ಕರೆಯ ಜಾಗಕ್ಕೆ ರಾಜ, ಕಾಳುಕಡಿಯ ಜಾಗಕ್ಕೆ ರೈತ. ಅಚ್ಚನ್ನು ಮೂರು ಸಲ ಇಟ್ಟು ಮೂರು ಸಲ ಗೆರೆ ಎಳೆದಳು. ಮೂರೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಬಂದವು. ಅದನ್ನು ನೋಡಿ ಅವಳ ಮನಸ್ಸಿಗೆ ಎಷ್ಟೋ ದಿನದ ಮೇಲೆ ತಂಪಾಯಿತು.

ಎಂಟು ಬೆಳಗು ಬಿಡಿಸಿದಳು. ಕೈ ಕೈಯೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಫ್ರಾನ್ಸಿನ ಒಡೆಯನ ಕಬ್ಬಿಣದ ಅಂಗಿಯ ಒಂದೊಂದು ಬಳೆಯನ್ನೂ ಎಣಿಸಬಹುದಿತ್ತು. ದೆಹಲಿಯ ಸರದಾರನ ಕುದುರೆಯ ಮೂಗಿನಲ್ಲಿ ಉಸಿರಿತ್ತು. ಜಪಾನಿನ ಸಮುರಾಯಿಯ ಕತ್ತಿಯ ಹಿಡಿಗೆ ಸುತ್ತಿದ ದಾರದ ಹೆಣಿಗೆ ಕೂಡ ಸ್ಪಷ್ಟ. ಮೂವರಿಗೂ ಒಂದೊಂದು ಭದ್ರವಾದ ಕಲ್ಲಿನ ಮನೆ, ಮನೆಯ ಮುಂದೆ ಬೇರುಬಿಟ್ಟ ಮರ, ಬೇಲಿ ಹಾಕಿದ ಹೊಲ, ಪಕ್ಕದಲ್ಲಿ ತಂದೆಯ ಕೈಯಿಂದ ಬೀಗದಕೈ ತೆಗೆದುಕೊಳ್ಳುತ್ತಿರುವ ಮಗ. ತಾನು ಕೂರಲಿರುವ ಮೇಜನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಮನೆಗಳನ್ನು ಕಟ್ಟಿದಳೋ ಏನೋ. ಮೂರರಲ್ಲೂ ಕಿಟಕಿ ದೊಡ್ಡದಾಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಪಟ ತಂಗಿಯ ಮೇಜಿಗೆ ಹೋಯಿತು. ತಂಗಿ ಬಹಳ ಹೊತ್ತು ನೋಡಿದಳು.

"ಅಕ್ಕ, ಇದು..."

"ಏನು ಇದು?"

"ದೆಹಲಿಯವನಿಗೆ ಮನೆ... ಮಗ... ಟಿಪ್ಪಣೀಲಿ ಬೇರೆ ಥರ ಇದೆ ಅಕ್ಕ. ಅಳಿಸೋದು ಬೇಡ, ಸ್ವಲ್ಪ ಮೇಲೆ ಬಣ್ಣ ಎಳೆದ್ರೆ..."

"ಅಕ್ಷರ ಬರೆಯೋಳು ನೀನು. ಅಕ್ಷರ ಬರಿ. ನನ್ನ ಚಿತ್ರದ ಮೇಲೆ ನಿನ್ನ ಕಣ್ಣು ಬೇಡ." ದನಿ ಏರಿತ್ತು. ಮುಂದಿನ ಕೋಣೆಯ ಯಂತ್ರದವರೂ ತಿರುಗಿ ನೋಡಿದರು. ತಂಗಿಯ ಮುಖ ಬಿಳಿಚಿಕೊಂಡಿತು. ಅವಳು ಕುಂಚ ಅದ್ದಿ ಟಿಪ್ಪಣಿಯಲ್ಲಿದ್ದುದನ್ನು ಇದ್ದ ಹಾಗೆ, ಒಂದು ಅಕ್ಷರವೂ ಅತ್ತಿತ್ತ ಆಗದಂತೆ ಬರೆದಿಟ್ಟಳು. ಅಕ್ಷರವನ್ನು ಬದಲಿಸುವ ಹಕ್ಕು ಅವಳಿಗೂ ಇರಲಿಲ್ಲ. ಪಟದಕ್ಕ ಅದನ್ನು ಓದಲಿಲ್ಲ. ತಂಗಿಯ ಅಕ್ಷರವನ್ನು ಓದುವುದನ್ನು ಬಿಟ್ಟು ಅವಳಿಗೆ ಹನ್ನೊಂದು ವರ್ಷವಾಗಿತ್ತು. ಮೂಲೆಯಲ್ಲಿ ಬಸವನಹುಳು ಇಟ್ಟು ಕೈತೊಳೆದುಕೊಂಡಳು.

ಮೇಷ್ಟ್ರು ಬಂದ ದಿನ ಪಟವನ್ನು ಕಿಟಕಿಯ ಮೇಜಿನ ಮೇಲೆ ಹರಡಿದರು. ಪಟದಕ್ಕ ಅಂದು ಮೇಜನ್ನು ಎರಡು ಸಲ ಒರೆಸಿದ್ದಳು.

ಮೇಷ್ಟ್ರು ಮೊದಲು "ಅಬ್ಬಾ!" ಎಂದರು. ಪಟದಕ್ಕನ ಎದೆ ಹಿಗ್ಗಿತು. ಆಮೇಲೆ ಅವರು ಬಗ್ಗಿ ಓದತೊಡಗಿದರು. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದವು.

"ಯಜಮಾನ್ರೇ, ಇದೇನಿದು? 'ಈ ಸರದಾರನಿಗೆ ಕೊಟ್ಟದ್ದು ಭೂಮಿಯಲ್ಲ, ಒಂದು ಸೀಮೆಯ ಕಂದಾಯ ಎತ್ತುವ ಹಕ್ಕು. ಬೇರೂರದಂತೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆ ಸೀಮೆಗೆ ಕಳಿಸುತ್ತಿದ್ದರು.' ಅಕ್ಷರ ಹೀಗೆ ಹೇಳುತ್ತೆ. ಪಕ್ಕದಲ್ಲಿ ನೋಡಿದ್ರೆ ಅವನು ಕಲ್ಲಿನ ಮನೆ ಕಟ್ಟಿ, ಮರ ನೆಟ್ಟು, ಮಗನಿಗೆ ಬೀಗದಕೈ ಕೊಡ್ತಿದಾನೆ! ಇಲ್ಲಿ ಜಪಾನಿನವನದ್ದು, 'ಬರಬರುತ್ತ ಅನೇಕರಿಗೆ ಹೊಲವಿಲ್ಲದೆ ಒಡೆಯನ ಕಣಜದಿಂದ ಅಳೆದ ಅಕ್ಕಿಯೇ ಆಧಾರವಾಯಿತು' ಅಂತ. ಚಿತ್ರದಲ್ಲಿ ಬೇಲಿ ಹಾಕಿದ ಹೊಲ! ಚಿತ್ರ ಪೂರ್ವಕ್ಕೆ ಹೋದ್ರೆ ಅಕ್ಷರ ಪಶ್ಚಿಮಕ್ಕೆ ಹೊರಟಿದೆ. ಮೂರೂ ಒಂದೇ ಅಲ್ಲ ಅಂತ ತೋರಿಸೋಕೆ ಪಟ ಕೇಳಿದ್ದು ನಾನು. ಇದು ಮೂರೂ ಒಂದೇ ಅಂತ ಕೂಗಿ ಹೇಳ್ತಿದೆ."

ತಂಗಿ ಬೇಕೆಂದೇ ಮಾಡಿದ್ದಾಳೆ, ಪಟದಕ್ಕನಿಗೆ ಮೊದಲು ಹೊಳೆದದ್ದು ಅದು. ನನ್ನನ್ನು ಎಲ್ಲರೆದುರು ಹಳ್ಳಕ್ಕೆ ಕೆಡವಲು ಸುಮ್ಮನೆ ಬಾಯಿಮುಚ್ಚಿಕೊಂಡು ಬರೆದಿದ್ದಾಳೆ.

ಯಜಮಾನರು ಮೆಲ್ಲಗೆ ಕೇಳಿದರು, "ಇದು ಹೇಗಾಯ್ತು? ಓದಿ ಹೇಳು ಅಂತ ಹೇಳಿದ್ನಲ್ಲ?"

ತಂಗಿ ಮುಂದೆ ಬಂದಳು. "ತಪ್ಪು ನಂದೇ ಯಜಮಾನ್ರೇ. ಕೆಲಸದ ಗಡಿಬಿಡಿಯಲ್ಲಿ ಅಕ್ಕನಿಗೆ ಓದಿ ಹೇಳೋದೇ ಬಿಟ್ಟುಹೋಯ್ತು. ಅಕ್ಕನಿಗೆ ಹೇಗೆ ಗೊತ್ತಾಗ್ಬೇಕು?"

ಯಜಮಾನರ ಮುಖ ಕರಗಿತು. ಮೇಷ್ಟ್ರು ಕೂಡ ತಂಗಿಯ ಕಡೆ ಒಂದು ಬಗೆಯ ಮೆಚ್ಚುಗೆಯಿಂದ ನೋಡಿದರು. ತಪ್ಪನ್ನು ಮೈಮೇಲೆ ಹಾಕಿಕೊಳ್ಳುವವರನ್ನು ಜನ ನೋಡುವ ನೋಟ ಅದು. ಪಟದಕ್ಕ ಆ ನೋಟವನ್ನು ಕಂಡಳು. ಅಕ್ಷರ ಅವಳದು, ಓದು ಅವಳದು, ತಾಯಿಯ ಗುಳಿ ಅವಳದು. ಈಗ ಒಳ್ಳೆಯತನವೂ ಅವಳದೇ ಆಗಿಬಿಡುವುದೇ? ಇನ್ನು ನನಗೆ ಉಳಿದಿರುವುದೇನು? ಹೊಟ್ಟೆಯ ಕಿಚ್ಚು ಗಂಟಲಿಗೆ ನುಗ್ಗಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಸುಳ್ಳು! ಸುಳ್ಳು ಹೇಳ್ತಿದಾಳೆ. ಅವಳು ಬಂದಿದ್ಲು, ಎರಡು ಸಲ ಬಂದಿದ್ಲು. ಒಂದು ಸಲ ಓದೋಕೆ ಬಂದ್ಲು, ಇನ್ನೊಂದು ಸಲ ತಪ್ಪು ತೋರಿಸೋಕೆ ಬಂದ್ಲು. ನಾನೇ ಬೈದು ಬಾಯಿ ಮುಚ್ಚಿಸಿದೆ. ಊಟದ ಪಟದ ಅಚ್ಚು ಇಟ್ಟು ಬಿಡಿಸಿದೋಳು ನಾನು. ತಪ್ಪು ನಂದು, ನಂದೇ! ಅವಳಿಗೆ ಯಾಕೆ ಕೊಡ್ತೀರಿ ಅದನ್ನ?"

ಯಜಮಾನರು ಇದನ್ನು ದೊಡ್ಡ ಗುಣ ಎಂದು ತಿಳಿದುಕೊಂಡರು, ಮೇಷ್ಟ್ರೂ ಹಾಗೇ ತಿಳಿದರು. ನಿಜ ಹೇಳಿಸಿದ್ದು ಹೊಟ್ಟೆಕಿಚ್ಚು ಎಂದು ಗೊತ್ತಿದ್ದುದು ಪಟದಕ್ಕನಿಗೆ, ಮತ್ತು ಮೇಲಿನ ದೇವರಿಗೆ. ತಂಗಿಗೂ ಗೊತ್ತಿತ್ತೇನೋ. ಅವಳು ತಲೆ ತಗ್ಗಿಸಿದಳು. ಗುಳಿ ಒಂದು ಸಲ ಮೂಡಿ ಮರೆಯಾಯಿತು.

ಮೇಷ್ಟ್ರು ಕುರ್ಚಿ ಎಳೆದರು. ಈ ಸಲ ಬೆನ್ನು ಪಟದಕ್ಕನ ಕಡೆ ಇರಲಿಲ್ಲ. "ಅಮ್ಮಾ, ನಿಮ್ಮ ಕೈ ಬಂಗಾರ. ಅಚ್ಚು ಮಾತ್ರ ತಪ್ಪು. ಮೇಲೆ ಯಾರು, ಕೆಳಗೆ ಯಾರು ಅಂತ ಕೇಳಿದ್ರೆ ಎಲ್ಲಾ ರಾಜ್ಯಾನೂ ಒಂದೇ ಥರ ಕಾಣುತ್ತೆ. ಕೊಟ್ಟದ್ದು ಏನು, ಎಷ್ಟು ದಿನಕ್ಕೆ, ಸತ್ತ ಮೇಲೆ ಯಾರಿಗೆ ಅಂತ ಕೇಳಿ. ಆಗ ಮೂರೂ ಬೇರೆ ಬೇರೆ ದಾರಿ ಹಿಡೀತವೆ." ಅವರು ಒಂದು ಹಾಳೆಯ ಮೇಲೆ ಗೀಚುತ್ತ ಹೇಳಿದರು. "ಫ್ರಾನ್ಸಿನವನು ಮಂಡಿಯೂರಿ, ಜೋಡಿಸಿದ ಕೈಗಳನ್ನ ಒಡೆಯನ ಕೈಗಳ ನಡುವೆ ಇಟ್ಟು ಮಾತು ಕೊಡ್ತಾನೆ. ಒಡೆಯನೂ ಕಾಪಾಡ್ತೀನಿ ಅಂತ ಮಾತು ಕೊಡ್ತಾನೆ. ಒಡೆಯ ಮಾತು ಮುರಿದ್ರೆ ಇವನೂ ಬಿಟ್ಟು ಹೋಗಬಹುದು. ಸಾಮಾನ್ಯವಾಗಿ ವರ್ಷಕ್ಕೆ ನಲವತ್ತು ದಿನ ಯುದ್ಧಸೇವೆ. ಬರಬರುತ್ತ ಭೂಮಿ ಮಗನಿಗೆ, ಮೊಮ್ಮಗನಿಗೆ. ಅವನಿಗೆ ನಿಮ್ಮ ಕಲ್ಲಿನ ಮನೆ ಸರಿ, ಅಲ್ಲಾಡಿಸಬೇಡಿ. ದೆಹಲಿಯವನಿಗೆ ಸೀಮೆ ಸ್ವಂತ ಅಲ್ಲ. ಸುಲ್ತಾನ ಎತ್ತು ಅಂದ್ರೆ ಗಂಟುಮೂಟೆ ಎತ್ತಬೇಕು. ಎಷ್ಟೋ ಕಾಲದ ಮೇಲೆ ಅಲ್ಲೂ ಮಗನಿಗೆ ಹೋಗೋ ಹಾಗಾಯ್ತು, ಅದು ಬೇರೆ ಮಾತು. ಜಪಾನಿನವನದ್ದು ಕರಾರಿಗಿಂತ ಹೆಚ್ಚಾಗಿ ಮನೆತನದ ನಿಷ್ಠೆ. ಒಡೆಯ ತಂದೆ ಇದ್ದ ಹಾಗೆ."

ಪಟದಕ್ಕ ಮೊದಲ ಸಲ ಕೇಳಿಸಿಕೊಂಡಳು. ಕೇಳಿ ಮುಗಿದ ಮೇಲೆ ಪಟದ ಕೆಳಗಿನ ಮಜಲನ್ನು ಬೆರಳಿಂದ ಮುಟ್ಟಿ ಕೇಳಿದಳು:

"ಇವನು? ಈ ಉಳೋನು? ಮೇಲಿನವರು ಬಂದು ಹೋಗ್ತಿದ್ರೆ ಇವನು ಎಲ್ಲಿಗೆ ಹೋಗ್ತಾನೆ?"

"ಇವನು..." ಮೇಷ್ಟ್ರು ತಡವರಿಸಿದರು. "ಫ್ರಾನ್ಸಿನಲ್ಲಿ ಎಷ್ಟೋ ಜನರನ್ನ ಭೂಮಿಗೇ ಕಟ್ಟಿಹಾಕಿದ್ರು. ಬೇರೆ ಕಡೆ ಕಟ್ಟು ಬೇರೆ ಥರ. ಆದ್ರೆ ಹೆಚ್ಚಾಗಿ ಅವನು ಎಲ್ಲಿಗೂ ಹೋಗಲ್ಲಮ್ಮ."

"ಹಾಗಾದ್ರೆ ಅವನಿಗೆ ನನ್ನ ಅಚ್ಚೇ ಇರಲಿ. ಬೆನ್ನು ಮೂವರದ್ದೂ ಒಂದೇ."

ಮೇಷ್ಟ್ರು ಮೂರು ಬೆನ್ನುಗಳನ್ನೂ ಒಂದೊಂದಾಗಿ ನೋಡಿ, "ಇರಲಿ. ಅದನ್ನ ತೆಗೀಬೇಡಿ" ಎಂದರು.

ಮತ್ತೆ ಹತ್ತು ಬೆಳಗು ಕೆಲಸ ನಡೆಯಿತು. ತಂಗಿ ಸ್ಟೂಲಿನಲ್ಲಿ ಕೂತು ಓದಿದಳು. ಪಟದಕ್ಕ "ಓದು", "ತಡಿ", "ಇನ್ನೊಂದ್ಸಲ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಜಪಾನಿನವನ ಬೇಲಿ ಹೋಗಿ ಅಕ್ಕಿಯ ಕಣಜ ಬಂತು, ಅಳೆಯುವ ಮರದ ಪೆಟ್ಟಿಗೆ ಬಂತು. ದೆಹಲಿಯವನ ಮನೆಯನ್ನು ಅಳಿಸದೆ ಹಿಂದಕ್ಕೆ ತಳ್ಳಿ ಮಸುಕು ಮಾಡಿದಳು. ಮಗನನ್ನು ತೆಗೆದಳು. ಸರದಾರನನ್ನು ಕುದುರೆಯ ಮೇಲೆ ಕೂರಿಸಿ, ಹಿಂದೆ ಗಂಟು ಕಟ್ಟಿ, ಅವನ ಮುಖವನ್ನು ಹಿಂದಕ್ಕೆ ತಿರುಗಿಸಿದಳು. ಅವನು ಆ ಮನೆಯನ್ನು ನೋಡುತ್ತಿದ್ದಾನೆ. ಮನೆಯ ಕಿಟಕಿಯಲ್ಲಿ ಆಗಲೇ ಇನ್ನಾರೋ ದೀಪ ಇಟ್ಟಿದ್ದಾರೆ.

ಮತ್ತೆ ಬಂದ ಮೇಷ್ಟ್ರು ಆ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರು. "ಈ ಮುಖ ಟಿಪ್ಪಣೀಲಿ ಇಲ್ವಲ್ಲಮ್ಮ. ಎಲ್ಲಿ ಸಿಕ್ತು?"

"ಮನೇಲಿ ಕನ್ನಡಿ ಇದೆ" ಎಂದಳು ಪಟದಕ್ಕ.

ಪಟ ಯಂತ್ರಕ್ಕೆ ಹೋದ ದಿನ ಯಜಮಾನರು ತೀರ್ಮಾನ ಹೇಳಿದರು. ಅವರ ದನಿಯಲ್ಲಿ ಸಂಕಟ ಇತ್ತು. "ಕೈ ನಿಂದು ದೊಡ್ಡದು ಕಣಮ್ಮ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಮೇಜಲ್ಲಿ ಕೂತೋರು ಚಿತ್ರಾನೂ ನೋಡ್ಬೇಕು, ಅಕ್ಷರಾನೂ ಓದ್ಬೇಕು. ತಂಗಿ ಕೂರಲಿ."

"ಯಜಮಾನ್ರೇ," ಅಂಟಣ್ಣ ಮೂಲೆಯಿಂದ ಕೂಗಿದ, "ಫ್ರಾನ್ಸ್ ಪದ್ಧತಿ ಮಾಡಿ ಒಬ್ಬರಿಗೇ ಬರೆದುಕೊಡಬೇಡಿ. ದೆಹಲಿ ಪದ್ಧತಿ ಮಾಡಿ. ವರ್ಷಕ್ಕೊಬ್ಬರು."

ಅವನು ನಗೆಗೆ ಹೇಳಿದ್ದು. ಯಜಮಾನರು ನಗಲಿಲ್ಲ, ಯೋಚಿಸಿದರು. "ಆಗಲಿ. ಈ ವರ್ಷ ಅವಳು. ಅಷ್ಟರಲ್ಲಿ ನೀನು ಬಂದ ಕಾಗದ ಎಲ್ಲ ಓದೋದು ರೂಢಿ ಮಾಡ್ಕೋ. ಮುಂದಿನ ವರ್ಷ ಮೇಜು ನಿಂದು."

ಪಟದಕ್ಕ ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಕುಂಚಗಳನ್ನು ಮತ್ತೆ ಒಂದೊಂದಾಗಿ ತೊಳೆದಳು.

ಈಗಲೂ ಅವಳು ಎಲ್ಲರಿಗಿಂತ ಮೊದಲು ಬರುತ್ತಾಳೆ, ಕಿಟಕಿಯ ಮೇಜನ್ನು ಒರೆಸುತ್ತಾಳೆ, ತಂಗಿಯ ಶಾಯಿ ಬಾಟಲಿಯ ಸುತ್ತ ಬಟ್ಟೆ ಆಡಿಸುತ್ತಾಳೆ, ಬಾಟಲಿಯನ್ನು ಎತ್ತುವುದಿಲ್ಲ. ಬಂದ ಕಾಗದಗಳನ್ನು ಬೆರಳಿಟ್ಟು ಓದುತ್ತಾಳೆ. ಮೊನ್ನೆ ಜೀರ್ಣಾಂಗದ ಟಿಪ್ಪಣಿಯಲ್ಲಿ ಒಂದು ತಪ್ಪನ್ನು ತಂಗಿಗಿಂತ ಮೊದಲು ಹಿಡಿದಳು. ಆ ದಿನ ಊಟ ಸೇರಿತು.

"ಅಕ್ಕಾ, ಇನ್ನೆಷ್ಟು ತಿಂಗಳು?" ಎಂದು ಅಂಟಣ್ಣ ನಿನ್ನೆಯೂ ಕೆಣಕಿದ.

"ಏಳು."

"ಎಣಿಸ್ತಾನೇ ಇದ್ದೀಯಾ! ನಿನಗೇನು ಕಮ್ಮಿ ಹೇಳು. ನಿನ್ನ ಹುಳ ಊರಿನ ಗೋಡೆ ತುಂಬ ಹರಿದಾಡ್ತಿದೆ. ಅವಳದ್ದು ಅಂತ ಒಂದು ಚುಕ್ಕೆಯಾದ್ರೂ ಇದೆಯಾ ಎಲ್ಲಾದ್ರೂ?"

"ಇಲ್ಲ. ಬೇಕು ಅಂತ ಅವಳು ಒಂದು ದಿನ ಬಾಯಿ ಬಿಟ್ಟಿದ್ದಿದ್ರೆ ನನಗೆ ನಿದ್ದೆ ಬರ್ತಿತ್ತು."

"ಬಿಡಕ್ಕಾ. ಏಳು ತಿಂಗಳಾದ್ಮೇಲೆ ಅವಳು ಗಂಟುಮೂಟೆ ಕಟ್ತಾಳೆ, ನೀನು ಕಿಟಕೀಲಿ ಕೂರ್ತೀಯ. ಆಗ ಉರಿಯೋ ಸರದಿ ಅವಳದ್ದು."

ಪಟದಕ್ಕ ಕುಂಚ ಕೆಳಗಿಟ್ಟು ಕಿಟಕಿಯ ಕಡೆ ನೋಡಿದಳು. ತಂಗಿ ಭೂತಗನ್ನಡಿಯ ಮೇಲೆ ಬಗ್ಗಿ, ಅಕ್ಕ ಬಿಡಿಸಿದ ಏನನ್ನೋ ನೋಡುತ್ತ, ಯಾರೂ ನೋಡುತ್ತಿಲ್ಲವೆಂದುಕೊಂಡು ತನ್ನಷ್ಟಕ್ಕೆ ಮುಗುಳ್ನಗುತ್ತಿದ್ದಳು.

"ಅವಳಿಗೆ ಉರಿಯಲ್ಲ ಕಣೋ," ಎಂದಳು ಪಟದಕ್ಕ. "ನನಗೆ ಉರಿಯೋದೇ ಅದು."